ಆ 15 ನಿಮಿಷ ಯಾರ ಜೇಬಿಗೆ ಹೋಯ್ತು?

“ಶನಿವಾರ ಹೇಗೂ ಊರಿಗೆ ಬರ್ತೀಯಲ್ಲ, ನಮ್ಮ ಕಾಲೇಜಲ್ಲಿ ಒಂದು ಕ್ಲಾಸ್ ತಗೊಳ್ಳೋ” ಅಂತ ಅಕ್ಕ ಫೋನ್ ಮಾಡಿದಾಗ ನಾನು ನಕ್ಕುಬಿಟ್ಟೆ. ಅಕ್ಕ ಅಂದ್ರೆ ದೊಡ್ಡಮ್ಮನ ಮಗಳು. ಬಂಗಾರಪೇಟೆ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬಿ.ಕಾಂ ಮತ್ತು ಬಿಬಿಎ ಮಕ್ಕಳಿಗೆ ವ್ಯವಹಾರ ಕಾನೂನು, ವ್ಯವಹಾರ ನೀತಿ ಎರಡನ್ನೂ ಅವಳೇ ಹೇಳಿಕೊಡ್ತಾಳೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪಾಠ ಬಾಕಿ ಇತ್ತಂತೆ. ಮನೆಯಲ್ಲೇ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇರುವಾಗ ಬೇರೆಯವರನ್ನು ಯಾಕೆ ಹುಡುಕೋದು ಅನ್ನೋದು ಅವಳ ಲೆಕ್ಕ.

“ನಾನು ವಕೀಲ ಅಲ್ಲ ಕಣಕ್ಕಾ, ಕೋಡ್ ಬರೆಯೋನು.”

“ಗೊತ್ತು ಬಾರೋ. ಬುಕ್ಕಲ್ಲಿರೋದನ್ನ ನಾನು ಹೇಳ್ತೀನಿ. ಕಂಪನಿ ಒಳಗೆ ಏನು ನಡೆಯುತ್ತೆ ಅಂತ ಇವರಿಗೆ ಹೇಳೋರು ಬೇಕು.”

ನಾನು ನಕ್ಕಿದ್ದಕ್ಕೆ ಇನ್ನೊಂದು ಕಾರಣ ಇತ್ತು. ನಾವು ಇಂಜಿನಿಯರಿಂಗ್ ಓದುವಾಗ ವಿಟಿಯುನಲ್ಲಿ ‘ಭಾರತದ ಸಂವಿಧಾನ ಮತ್ತು ವೃತ್ತಿ ನೀತಿ’ ಅಂತ ಒಂದು ಪೇಪರ್ ಇತ್ತು. ಎಲ್ಲರ ಬಾಯಲ್ಲಿ ಅದು ಸಿಐಪಿ. 50 ಅಂಕ, ಎಲ್ಲ ಬಹು ಆಯ್ಕೆ ಪ್ರಶ್ನೆ. ಹಿಂದಿನ ರಾತ್ರಿ ಹಾಸ್ಟೆಲ್ ಕಾರಿಡಾರಿನಲ್ಲಿ ಕೂತು ಜೆರಾಕ್ಸ್ ಪ್ರತಿ ತಿರುವಿ ಹಾಕಿ, ಬೆಳಿಗ್ಗೆ ಓಎಂಆರ್ ಶೀಟಿನಲ್ಲಿ ಚುಕ್ಕಿ ತುಂಬಿ ಬಂದ್ವಿ. ವೃತ್ತಿ ನೀತಿ ಅಲ್ಲಿಗೆ ಮುಗೀತು. ಅಂಥವನು ಹೋಗಿ ನೀತಿಪಾಠ ಮಾಡೋದು ಅಂದ್ರೆ ನಗು ಬರಲ್ವಾ?

ಆದ್ರೂ ಹೋದೆ. ಸಂಕ್ರಾಂತಿ ಕಳೆದ ಮೇಲಿನ ಶನಿವಾರ. ಒಂಬತ್ತೂವರೆಗೆ ಕ್ಲಾಸು, ಹತ್ತಕ್ಕೂ ಅರ್ಧ ಬೆಂಚು ಖಾಲಿ. ಆಮೇಲೆ ಒಬ್ಬೊಬ್ಬರೇ ಬಂದರು. ನಮ್ಮ ಕಾಮಸಮುದ್ರ ಹೋಬಳಿಯ ಕಾಡಂಚಿನ ಹಳ್ಳಿಯ ಹುಡುಗರಿಬ್ಬರು “ಆನೆ ಬಂದಿತ್ತು ಸಾರ್” ಅಂದ್ರು. ಬೆಂಗಳೂರಿನ ಮ್ಯಾನೇಜರಿಗೆ ಹೇಳಿದ್ರೆ ನಂಬೋ ನೆಪ ಅಲ್ಲ ಇದು. ನಮ್ಮ ಕಡೆ ಮಾತ್ರ ರಾಗಿ ಹೊಲಕ್ಕೆ, ಟೊಮೆಟೊ ತೋಟಕ್ಕೆ ಆನೆ ಇಳಿಯೋದು ನಿಜ, ಅಂಥ ದಿನ ಬೆಳಗಿನ ಬಸ್ಸಿಗೆ ಯಾರೂ ಹೊರಡಲ್ಲ.

ಮೊದಲ ಅರ್ಧ ಗಂಟೆ ಅಕ್ಕನದೇ. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಅವಳು ಹೇಳ್ತಾ ಇದ್ದದ್ದು ಎಲ್ಲ ಬಿ.ಕಾಂ ಪುಸ್ತಕದಲ್ಲೂ ಇರುವ ಲಾಲ್‌ಮನ್ ಶುಕ್ಲಾ ಪ್ರಕರಣ. 1913ನೇ ಇಸವಿ, ಅಲಹಾಬಾದ್ ಹೈಕೋರ್ಟ್. ಗೌರಿ ದತ್ತ ಅನ್ನೋ ಸಾಹುಕಾರರ ಅಣ್ಣನದೋ ತಮ್ಮನದೋ ಮಗ ಮನೆ ಬಿಟ್ಟು ಹೋಗ್ತಾನೆ. ಹುಡುಕೋಕೆ ಅಂತ ಅವರ ಗುಮಾಸ್ತ ಲಾಲ್‌ಮನ್ ಶುಕ್ಲಾನನ್ನು ಹರಿದ್ವಾರಕ್ಕೆ ಕಳಿಸ್ತಾರೆ. ಅವನು ಹೊರಟ ಮೇಲೆ ಸಾಹುಕಾರರು ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ ಬಹುಮಾನ ಅಂತ ಕರಪತ್ರ ಹಂಚಿಸ್ತಾರೆ. ಗುಮಾಸ್ತನಿಗೆ ಹುಡುಗ ರಿಷಿಕೇಶದಲ್ಲಿ ಸಿಕ್ಕ. ಬಹುಮಾನದ ವಿಷಯ ಅವನಿಗೆ ಗೊತ್ತಾದದ್ದು ಆಮೇಲೆ. ಕೋರ್ಟಿಗೆ ಹೋದ, ಸೋತ. ಪ್ರಸ್ತಾವ ಏನು ಅಂತಲೇ ಗೊತ್ತಿಲ್ಲದವನು ಅದನ್ನು ಒಪ್ಪಿಕೊಂಡ ಅಂತ ಹೇಗೆ ಹೇಳೋದು? ಅದೂ ಅಲ್ಲದೆ ಹುಡುಕೋದು ಅವನ ಕೆಲಸವೇ ಆಗಿತ್ತು. ಒಪ್ಪಂದ ಇಲ್ಲ, ಹಣ ಇಲ್ಲ.

ಪುಸ್ತಕದಲ್ಲಿ ಈ ಕಥೆ ಇಲ್ಲಿಗೆ ನಿಲ್ಲುತ್ತೆ. ಅಕ್ಕ ನಿಲ್ಲಿಸಲಿಲ್ಲ. “ಸರಿ, ಕೊಡಲೇಬೇಕು ಅಂತ ಕೋರ್ಟ್ ಹೇಳಲಿಲ್ಲ. ಕೊಡಬಾರದು ಅಂತ ಹೇಳಿತಾ?” ಅಂತ ಕೇಳಿದಳು.

ಅಲ್ಲಿಗೆ ಕ್ಲಾಸ್ ಎದ್ದು ಕೂತಿತು. ಬಂಗಾರಪೇಟೆ ಪೇಟೆಯಲ್ಲಿ ಅಂಗಡಿ ಇಟ್ಟಿರೋರ ಮಗನೊಬ್ಬ, “ಸಂಬಳ ಕೊಡ್ತಿದ್ರಲ್ಲ ಮೇಡಂ, ಮತ್ತೆ ಬಹುಮಾನ ಯಾಕೆ? ನಮ್ಮಂಗಡಿ ಹುಡುಗ ಕಳೆದುಹೋದ ಬೀಗದ ಕೈ ಹುಡುಕಿಕೊಟ್ರೆ 501 ಕೊಡ್ತೀವಾ?” ಅಂದ. ಮುಂದಿನ ಬೆಂಚಿನ ಹುಡುಗಿ ಬಿಡಲಿಲ್ಲ: “ಬೀಗದ ಕೈ ಬೇರೆ, ಮಗು ಬೇರೆ. ಬೀದೀಲಿ ಹೋಗೋ ದಾಸಯ್ಯನಿಗೆ ಕೊಡೋಕೆ ರೆಡಿ ಇದ್ದೋರು ಮನೇಲಿ ದುಡಿಯೋನಿಗೆ ಕೊಡಲ್ಲ ಅಂದ್ರೆ ಏನು ನ್ಯಾಯ?” ಹುಡುಗ ಸುಮ್ಮನಾಗಲಿಲ್ಲ. ತೆಲುಗಿನಲ್ಲಿ ಏನೋ ಅಂದ, ಅವಳೂ ತೆಲುಗಿನಲ್ಲೇ ತಿರುಗಿಸಿ ಕೊಟ್ಟಳು. ನಮ್ಮ ಕಡೆ ಹಂಗೇ, ಮನೇಲಿ ತೆಲುಗು, ಕಾಲೇಜಲ್ಲಿ ಕನ್ನಡ, ಕೆಜಿಎಫ್ ಬಸ್ಸಲ್ಲಿ ತಮಿಳು. ಜಗಳಕ್ಕೆ ಯಾವುದು ಸಿಕ್ಕಿದ್ರೆ ಅದು.

ಕಾನೂನಿನ ಪಾಠ ಕಷ್ಟ ಆಗೋದು ಯಾಕೆ ಅಂತ ಅವತ್ತು ಸ್ವಲ್ಪ ಅರ್ಥ ಆಯ್ತು. ‘ಕನ್ಸಿಡರೇಷನ್’ ಅನ್ನೋ ಪದ ನೋಡಿ. ದಿನಬಳಕೆ ಇಂಗ್ಲಿಷಿನಲ್ಲಿ ಅದಕ್ಕೆ ಒಂದು ಅರ್ಥ, 1872ರ ಕರಾರು ಕಾಯ್ದೆಯಲ್ಲಿ ಬೇರೆ ಅರ್ಥ. ಕನ್ನಡ ಮೀಡಿಯಂನಿಂದ ಬಂದ ಮಗು ಎರಡೂ ಅರ್ಥ ಆಗದೆ ನೋಟ್ಸಿನ ಸಾಲು ಬಾಯಿಪಾಠ ಮಾಡುತ್ತೆ. ಅಕ್ಕ ಅದನ್ನು ಡೇರಿ ಹಾಲಿನಿಂದ ಹೇಳಿಕೊಡ್ತಾಳೆ. ನೀನು ಹಾಲು ಹಾಕ್ತೀಯ, ಸಂಘ ದುಡ್ಡು ಕೊಡುತ್ತೆ. ದುಡ್ಡಿಗೆ ಹಾಲು ಪ್ರತಿಫಲ, ಹಾಲಿಗೆ ದುಡ್ಡು ಪ್ರತಿಫಲ. ಹಾಲಿಗೆ ನೀರು ಹಾಕಿದ್ರೆ? ಯಂತ್ರ ಹಿಡಿಯುತ್ತೆ, ಅದು ಕಾನೂನು. ಯಂತ್ರ ಕೆಟ್ಟಿರೋ ದಿನ ನೀರು ಹಾಕ್ತೀಯಾ? ಅದು ಎರಡನೇ ಪೇಪರು.

ಆಮೇಲೆ ನನ್ನ ಸರದಿ. ಮಾಹಿತಿ ತಂತ್ರಜ್ಞಾನ ಕಾಯ್ದೆ, ಪಾಸ್‌ವರ್ಡು, ಓಟಿಪಿ ಮೋಸ ಅಂತ 20 ನಿಮಿಷ ಏನೇನೋ ಹೇಳಿದೆ. ಒಬ್ಬಿಬ್ಬರು ಆಕಳಿಸಿದ್ರು. ಆಗ ಅವರಿಗೆ ಗೊತ್ತಿರೋ ಒಂದು ಊರಿನ ಹೆಸರು ಬೋರ್ಡಿನ ಮೇಲೆ ಬರೆದೆ: ನರಸಾಪುರ.

ಕೋಲಾರದಿಂದ ಬೆಂಗಳೂರಿಗೆ ಹೋಗೋ ಹೆದ್ದಾರಿಯ ಪಕ್ಕದ ಆ ಕೈಗಾರಿಕಾ ಪ್ರದೇಶದ ಬಸ್ಸುಗಳು ನಮ್ಮ ಹಳ್ಳಿಗಳಿಗೆಲ್ಲ ಬರ್ತವೆ. ಆ ಕ್ಲಾಸಿನ ಅರ್ಧ ಮಕ್ಕಳ ಮನೆಯಿಂದ ಯಾರಾದರೊಬ್ಬರು ಆ ಕಡೆಯ ಯಾವುದೋ ಫ್ಯಾಕ್ಟರಿಗೆ ಹೋಗ್ತಾರೆ. 2020ರ ಡಿಸೆಂಬರ್ 12, ಶನಿವಾರ ಬೆಳಿಗ್ಗೆ ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಯೋ ಹೊತ್ತಿಗೆ ಗಲಾಟೆ ಆಯ್ತು. ಐಫೋನ್ ಜೋಡಿಸೋ ಕಾರ್ಖಾನೆ. ಗಾಜು ಪುಡಿಪುಡಿ, ಗಾಡಿಗಳಿಗೆ ಬೆಂಕಿ, ನೂರಕ್ಕೂ ಹೆಚ್ಚು ಜನರ ಬಂಧನ. ಈ ಮಕ್ಕಳು ಆಗ ಎಂಟನೇ, ಒಂಬತ್ತನೇ ಕ್ಲಾಸು. ಅವರಿಗೆ ನೆನಪಿರೋದು ಮೊಬೈಲಿನಲ್ಲಿ ಓಡಾಡಿದ ವಿಡಿಯೋ ಮಾತ್ರ.

ವಿಡಿಯೋ ಹಿಂದಿನ ಕಥೆ ಅಷ್ಟು ಓಡಾಡಲಿಲ್ಲ. ಕಾರ್ಖಾನೆಗಳ ಇಲಾಖೆ ತಪಾಸಣೆ ಮಾಡಿದಾಗ ಸಿಕ್ಕಿದ್ದು ಇದು: ಸ್ವಲ್ಪ ಸಮಯದಲ್ಲೇ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು, ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. 8 ಗಂಟೆಯ ಪಾಳಿ ಹೋಗಿ 12 ಗಂಟೆಯದಾಗಿತ್ತು. ಹಾಜರಿ ದಾಖಲಿಸೋ ವ್ಯವಸ್ಥೆ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಇಷ್ಟು ಜನರನ್ನು ನಿಭಾಯಿಸೋಕೆ, ಕಾರ್ಮಿಕ ಕಾನೂನು ತಿಳಿದವರು ಎಚ್‌ಆರ್ ವಿಭಾಗದಲ್ಲಿ ಸಾಕಷ್ಟು ಇರಲಿಲ್ಲ. ಅದೇ ಡಿಸೆಂಬರ್ 19ಕ್ಕೆ ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲ ಅಂತ ವಿಸ್ಟ್ರಾನ್ ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಕೆಲಸದ ಗಂಟೆಗಳನ್ನು ಸರಿಯಾಗಿ ಲೆಕ್ಕ ಇಡದೆ ಅಕ್ಟೋಬರ್, ನವೆಂಬರ್ ಸಂಬಳ ತಡವಾಗಿದೆ ಅಂತ ಆ್ಯಪಲ್ ಕೂಡ ಹೇಳಿ, ಸರಿಪಡಿಸೋವರೆಗೂ ಹೊಸ ಆರ್ಡರ್ ಇಲ್ಲ ಅಂದಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಗೆ ಬಂತು.

ಕಲ್ಲು ಹೊಡೆದದ್ದು ಸರಿ ಅಂತ ನಾನು ಹೇಳಲಿಲ್ಲ, ಮಕ್ಕಳೂ ಹೇಳಲಿಲ್ಲ. ಆದ್ರೆ ಅಕ್ಕ ಎದ್ದು ಬೋರ್ಡಿನ ಮೇಲೆ ಮೂರು ಕಾಯ್ದೆ ಬರೆದಳು. 1948ರ ಕಾರ್ಖಾನೆ ಕಾಯ್ದೆ, ಸೆಕ್ಷನ್ 59: ದಿನಕ್ಕೆ 9, ವಾರಕ್ಕೆ 48 ಗಂಟೆ ದಾಟಿದರೆ ಓಟಿಗೆ ಎರಡು ಪಟ್ಟು. 1936ರ ವೇತನ ಪಾವತಿ ಕಾಯ್ದೆ: 1,000ಕ್ಕಿಂತ ಕಡಿಮೆ ಜನ ಇದ್ರೆ 7ನೇ ತಾರೀಖಿನೊಳಗೆ, ಹೆಚ್ಚಿದ್ರೆ 10ರೊಳಗೆ ಸಂಬಳ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ, ಸೆಕ್ಷನ್ 21: ಗುತ್ತಿಗೆದಾರ ಸಂಬಳ ಕೊಡದಿದ್ರೆ ಕೆಲಸ ಮಾಡಿಸಿಕೊಂಡ ಮುಖ್ಯ ಕಂಪನಿಯೇ ಕೊಡಬೇಕು. “ಏಜೆನ್ಸಿಯವರನ್ನ ಕೇಳಿ, ನಮಗೆ ಸಂಬಂಧ ಇಲ್ಲ” ಅನ್ನೋ ಮಾತಿಗೆ ಕಾನೂನಿನಲ್ಲಿ ಜಾಗ ಇಲ್ಲ. ಈ ಕೊನೆಯ ಸಾಲು ಕೇಳಿ ಒಬ್ಬ ಹುಡುಗ ಪೆನ್ನು ಹುಡುಕಿದ. (2025ರ ನವೆಂಬರ್ 21ರಿಂದ ಇವೆಲ್ಲ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿವೆ. ಮಕ್ಕಳ ಪುಸ್ತಕದಲ್ಲಿ ಇನ್ನೂ ಹಳೇ ಹೆಸರೇ ಇದೆ, ಹಾಗಾಗಿ ಎರಡನ್ನೂ ಹೇಳಿಕೊಡೋ ಕೆಲಸ ಅಕ್ಕನ ತಲೆ ಮೇಲೆ.)

ಆಗ ಮೂರನೇ ಬೆಂಚಿನ ಹುಡುಗಿ ಕೈ ಎತ್ತಿದಳು. ಅಲ್ಲಿವರೆಗೂ ಒಂದು ಮಾತೂ ಆಡಿರಲಿಲ್ಲ.

“ಸಾರ್, ಹಾಜರಿ ಸಾಫ್ಟ್‌ವೇರ್ ಅಂದ್ರಲ್ಲ. ಅಂಥದ್ದನ್ನ ಬರೆಯೋರು ಯಾರು?”

ಇನ್ಯಾರು, ನಮ್ಮಂಥವರೇ.

ಇದನ್ನು ಅವತ್ತು ಹೇಳಬೇಕು ಅಂತ ಹೋಗಿರಲಿಲ್ಲ. ಹೇಳಿಬಿಟ್ಟೆ. ನನ್ನ ಮೊದಲ ಕೆಲಸ, ಹೆಸರು ಬೇಡ, ಕಂಪನಿಗಳಿಗೆ ಹಾಜರಿ ಮತ್ತು ಸಂಬಳದ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡೋ ಸಣ್ಣ ಸಂಸ್ಥೆ. ಒಂದು ದಿನ ಟಿಕೆಟ್ ಬಂತು: ಒಳಗೆ ಬಂದ ಸಮಯವನ್ನು ಮುಂದಿನ ಕಾಲು ಗಂಟೆಗೆ, ಹೊರಗೆ ಹೋದ ಸಮಯವನ್ನು ಹಿಂದಿನ ಕಾಲು ಗಂಟೆಗೆ ಸರಿಸಬೇಕು. ಎರಡು ಗಂಟೆಯಲ್ಲಿ ಬರೆದು ಮುಗಿಸಿದೆ. ಟೆಸ್ಟ್ ಪಾಸಾಯ್ತು. ಸೀನಿಯರ್ ಕೋಡ್ ನೋಡಿ ಒಂದು ವೇರಿಯಬಲ್ ಹೆಸರು ಬದಲಾಯಿಸು ಅಂದ್ರು, ಬದಲಾಯಿಸಿದೆ. ಸಂಜೆ ಎಲ್ಲರೂ ಪಾನಿಪುರಿ ತಿನ್ನೋಕೆ ಹೋದ್ವಿ. ಅದರಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ ಅಂತ ನನಗೆ ಹೊಳೆಯಲೇ ಇಲ್ಲ.

ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಪಾಳಿ 6ಕ್ಕೆ ಶುರು, 2ಕ್ಕೆ ಮುಗಿಯುತ್ತೆ ಅಂದ್ಕೊಳ್ಳಿ. ಬಸ್ಸು ಒಂದು ನಿಮಿಷ ತಡ, 6:01ಕ್ಕೆ ಬೆರಳು ಒತ್ತಿದಳು. ಲೆಕ್ಕಕ್ಕೆ 6:15. ಕೈಯಲ್ಲಿದ್ದ ಕೆಲಸ ಮುಗಿಸಿ 2:14ಕ್ಕೆ ಹೊರಗೆ ಬಂದಳು. ಲೆಕ್ಕಕ್ಕೆ 2:00. ದುಡಿದದ್ದು 8 ಗಂಟೆ 13 ನಿಮಿಷ, ಕಂಪ್ಯೂಟರ್ ಕೊಟ್ಟದ್ದು 7 ಗಂಟೆ 45 ನಿಮಿಷ. 28 ನಿಮಿಷ ಗಾಯಬ್.

ನಾನು ಅಷ್ಟಕ್ಕೇ ನಿಲ್ಲಿಸಿದ್ದೆ. ಕಾಮರ್ಸ್ ಮಕ್ಕಳು ಬಿಡ್ತಾರಾ? ಅದೇ ಹುಡುಗಿ ಫೋನಿನಲ್ಲಿ ಕ್ಯಾಲ್ಕುಲೇಟರ್ ತೆಗೆದಳು. “28 ಬೇಡ ಸಾರ್, ದಿನಕ್ಕೆ 15 ನಿಮಿಷ ಇಟ್ಕೊಳ್ಳೋಣ. 26 ದಿನಕ್ಕೆ 390 ನಿಮಿಷ, ಆರೂವರೆ ಗಂಟೆ. ಗಂಟೆಗೆ 60 ರೂಪಾಯಿ ಅಂದ್ರೆ 390 ರೂಪಾಯಿ. 2,000 ಜನ ಇದ್ರೆ...” ಒಂದು ಕ್ಷಣ ತಡೆದಳು. “ತಿಂಗಳಿಗೆ 7,80,000.”

ಯಾರೋ ಹಿಂದಿನಿಂದ ಶಿಳ್ಳೆ ಹಾಕಿದ್ರು. ಅಕ್ಕ ಗದರಿಸಲಿಲ್ಲ.

ಅವಳು ಪುಸ್ತಕ ತಿರುವಿ ಒಂದು ಪುಟ ಹಿಡಿದು ನನ್ನ ಕಡೆ ನೋಡಿದಳು. ವೇತನ ಪಾವತಿ ಕಾಯ್ದೆ, ಸೆಕ್ಷನ್ 9. ಕೆಲಸಕ್ಕೆ ಬಾರದ ಹೊತ್ತಿಗೆ ಸಂಬಳ ಹಿಡಿಯಬಹುದು, ಆದ್ರೆ ಎಷ್ಟು ಹೊತ್ತು ಬಂದಿಲ್ಲವೋ ಆ ಪ್ರಮಾಣಕ್ಕಿಂತ ಹೆಚ್ಚು ಹಿಡಿಯೋ ಹಾಗಿಲ್ಲ. ಹೊಸ ವೇತನ ಸಂಹಿತೆಯಲ್ಲೂ ಈ ಮಾತು ಉಳಿದಿದೆ. ಒಂದು ನಿಮಿಷ ತಡವಾದ್ರೆ ಒಂದು ನಿಮಿಷ, ಹದಿನೈದಲ್ಲ. ನಾನು ಟಿಕೆಟ್ ತೆರೆಯೋಕೆ 80 ವರ್ಷ ಮೊದಲೇ ಬರೆದಿಟ್ಟ ಸಾಲು ಅದು. ಆ ಇಡೀ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದವರು ಸುಮ್ಮನಿದ್ದರು. ಎರಡರಲ್ಲಿ ಯಾವುದು ಅಂತ ಇವತ್ತಿಗೂ ನನಗೆ ಹೇಳೋಕಾಗಲ್ಲ.

ಬೆರಳಿನ ಮಾತು ಬಂದಾಗ ಅಕ್ಕ ಇನ್ನೊಂದು ವಿಷಯ ತೆಗೆದಳು. ನಮ್ಮ ಪಕ್ಕದ ಕೆಜಿಎಫ್‌ನಲ್ಲಿ 1930ರಲ್ಲಿ ಗಣಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದ್ದರು. ಕಾರಣ, ಕಂಪನಿ ಎಲ್ಲರ ಬೆರಳಚ್ಚು ತೆಗೆದು ನೋಂದಣಿ ಮಾಡಿಸಬೇಕು ಅಂದದ್ದು. ಬೆರಳಚ್ಚು ಅಂದ್ರೆ ಕಳ್ಳರಿಗೆ ತೆಗೆಯೋದು ಅಂತ ಜನಕ್ಕೆ ಗೊತ್ತಿತ್ತು. ಕ್ಲಾಸಿನಲ್ಲಿ ಕೆಜಿಎಫ್‌ನಿಂದ ಬರೋ ಮೂರ್ನಾಲ್ಕು ಮಕ್ಕಳಿದ್ರು, ಅವರ ತಾತಂದಿರು ಗಣಿಯೊಳಗೆ ಇಳಿದವರು. ಬಿಜಿಎಂಎಲ್ 2001ರಲ್ಲಿ ಮುಚ್ಚಿದ್ದು ಅವರ ಮನೆಗಳಲ್ಲಿ ಸಾವಿನ ವರ್ಷದ ಹಾಗೆ ಲೆಕ್ಕ. ಆದ್ರೆ ಈ ಬೆರಳಚ್ಚಿನ ಕಥೆ ಒಬ್ಬರಿಗೂ ಗೊತ್ತಿರಲಿಲ್ಲ. “ಈಗ ನಮ್ಮ ಕಾಲೇಜಲ್ಲೂ ಥಂಬ್ ಇಡ್ತಾರಲ್ಲ ಮೇಡಂ” ಅಂತ ಒಬ್ಬ ತನ್ನ ಹೆಬ್ಬೆರಳು ನೋಡ್ಕೊಂಡ.

ಎಲ್ಲರಿಗೂ ಕ್ಲಾಸ್ ಹಿಡಿಸಿತು ಅಂತ ತಿಳ್ಕೋಬೇಡಿ. ಕಿಟಕಿ ಪಕ್ಕದ ಹುಡುಗನೊಬ್ಬ ನೇರವಾಗಿ ಕೇಳಿದ: “ಸಾರ್, ನಮ್ಮನೇಲಿ ರೇಷ್ಮೆ ಹುಳ ಮೇಯಿಸ್ತಾರೆ, ಸಂಘದಲ್ಲಿ ಸಾಲ ಇದೆ. ನಾನು ಬಿ.ಕಾಂ ಮುಗಿಸಿ ಯಾವುದೋ ಫ್ಯಾಕ್ಟರೀಲಿ ಎಚ್‌ಆರ್ ಅಸಿಸ್ಟೆಂಟ್ ಆಗ್ತೀನಿ, ಹದಿನೈದು ಸಾವಿರ ಸಂಬಳ. ಮ್ಯಾನೇಜರ್ ಓಟಿ ಕಟ್ ಮಾಡು ಅಂದ್ರೆ ನಾನು ಸೆಕ್ಷನ್ 9 ಅನ್ನಲಾ? ಮಾರನೇ ದಿನ ನನ್ನೇ ಕಟ್ ಮಾಡ್ತಾರೆ.”

ಇದಕ್ಕೆ ವ್ಯವಹಾರ ನೀತಿ ಪುಸ್ತಕದಲ್ಲಿ ಉತ್ತರ ಇಲ್ಲ. ಅಲ್ಲಿರೋದು ‘ನೀತಿಯ ಮಹತ್ವ’, ‘ನೀತಿಯ ಲಕ್ಷಣಗಳು’, ಒಂದೊಂದಕ್ಕೆ ಐದೈದು ಅಂಕ. ನನ್ನ ಹತ್ರಾನೂ ಪೂರ್ತಿ ಉತ್ತರ ಇರಲಿಲ್ಲ. ಕೆಲಸ ಬಿಟ್ಟು ಬಾ ಅನ್ನೋಕೆ ನಾನ್ಯಾರು? ನಾನೇ ಅವತ್ತು ಒಂದು ಪ್ರಶ್ನೆ ಕೇಳದೆ ಪಾನಿಪುರಿಗೆ ಹೋದವನು. ಕೆಲಸದಲ್ಲಿ ಕಲಿತ ಒಂದು ಸಣ್ಣ ವಿದ್ಯೆ ಮಾತ್ರ ಹೇಳಿದೆ. ಬಾಯಲ್ಲಿ ಹೇಳಿದ್ದನ್ನು ಬರಹದಲ್ಲಿ ಕೇಳು. “ಸಾರ್, ನೀವು ಹೇಳಿದ ಹಾಗೆ ಈ ತಿಂಗಳು ಓಟಿ ಹೀಗೆ ಲೆಕ್ಕ ಹಾಕ್ತೀನಿ, ಇದು ಸರಿ ಅಂತ ಒಂದು ಮೇಲ್ ಹಾಕ್ತೀರಾ?” ಅಂತ ಮರ್ಯಾದೆಯಿಂದ ಬರಿ. ಎಷ್ಟೋ ತಪ್ಪು ಆದೇಶ ಬರಹಕ್ಕೆ ಬರೋಕೆ ಹೆದರಿ ಅಲ್ಲೇ ನಿಂತುಹೋಗುತ್ತೆ. ಬಂದ್ರೆ, ನಾಳೆ ತಪಾಸಣೆಗೆ ಬಂದವರು ಕೇಳಿದಾಗ ನಿನ್ನ ಒಬ್ಬನ ಕುತ್ತಿಗೆ ಸಿಕ್ಕಿಹಾಕಿಕೊಳ್ಳಲ್ಲ.

“ಅದು ಹೆದರಿಕೆಯ ನೀತಿ ಆಯ್ತಲ್ಲ” ಅಂದಳು ಅಕ್ಕ, ಆಮೇಲೆ ಸ್ಟಾಫ್ ರೂಮಿನಲ್ಲಿ. ಇರಬಹುದು. ಅವಳು ಈ ಸೆಮಿಸ್ಟರಿನಲ್ಲಿ ಬೇರೆ ದಾರಿ ಹಿಡಿದಿದ್ದಾಳೆ. ಮಕ್ಕಳಿಗೆ ಮನೆಯವರ ಸಂಬಳದ ಚೀಟಿ ತರೋಕೆ ಹೇಳ್ತಾಳೆ, ಹೆಸರು ಮಡಚಿ. ಮೂಲ ವೇತನ ಎಷ್ಟು, ಪಿಎಫ್ ಹಿಡಿದಿದ್ದಾರಾ, ಓಟಿ ಒಂದು ಪಟ್ಟೋ ಎರಡು ಪಟ್ಟೋ ಅಂತ ಕೂತು ಓದಿಸ್ತಾಳೆ. ನಾಳೆ ಇದೇ ಚೀಟಿಯನ್ನು ತಯಾರು ಮಾಡೋ ಕುರ್ಚಿಯಲ್ಲಿ ಕೂರೋರು ಇವರೇ ತಾನೇ? ಅತ್ತ ಕಡೆಯಿಂದ ಒಮ್ಮೆ ಓದಿದವರಿಗೆ ಇತ್ತ ಕಡೆ ಕೂತಾಗ ಕೈ ಸ್ವಲ್ಪ ತಡೆಯುತ್ತೆ ಅನ್ನೋದು ಅವಳ ನಂಬಿಕೆ. ಪರೀಕ್ಷೆಗೆ ಇದು ಬರಲ್ಲ ಅಂತ ಕೆಲವು ಮಕ್ಕಳ ತಕರಾರು ಇದೆ. ಅದಕ್ಕೆ ನೋಟ್ಸನ್ನೂ ಬರೆಸ್ತಾಳೆ.

ಹೊರಡುವಾಗ ಒಂದು ಹುಡುಗಿ ಬಾಗಿಲಲ್ಲಿ ನಿಂತು, “ಮೇಡಂ, ನಿಮಗೆ ಈ ತಿಂಗಳದ್ದು ಆಯ್ತಾ?” ಅಂದಳು. ಗೌರವಧನ. ಅತಿಥಿ ಉಪನ್ಯಾಸಕರಿಗೆ ಸಂಬಳ ಅಂತ ಹೆಸರಿಲ್ಲ. ಅಕ್ಕ “ಬರುತ್ತೆ ಹೋಗಮ್ಮ, ಬಸ್ ತಪ್ಪುತ್ತೆ” ಅಂತ ಕಳಿಸಿದಳು. ನನ್ನ ಕಡೆ ತಿರುಗಿ ಮೂರು ಬೆರಳು ತೋರಿಸಿದಳು. ಮೂರು ತಿಂಗಳು.

ಆ ರಾತ್ರಿ ಹಳೇ ಟೀಮಿನ ಗೆಳೆಯನಿಗೆ ಮೆಸೇಜ್ ಹಾಕಿದೆ. ಆ ಕಾಲು ಗಂಟೆ ಲಾಜಿಕ್ ಇನ್ನೂ ಇದೆಯಾ ಅಂತ. ಅವನು ಈಗಲೂ ಅಲ್ಲೇ ಇದ್ದಾನೆ. ಐದು ನಿಮಿಷಕ್ಕೆ ಉತ್ತರ ಬಂತು: “ಇದೆ ಮಗಾ. ಮೊದಲು ಕೇಳಿದೋರಿಗೆ ಮಾತ್ರ ಆನ್ ಮಾಡ್ತಿದ್ವಿ. ಈಗ ಡಿಫಾಲ್ಟ್.” ಪಕ್ಕದಲ್ಲಿ ಒಂದು ನಗೋ ಎಮೋಜಿ.

ನಗು ಬರಲಿಲ್ಲ. ಭಾನುವಾರ ಕೂತು ಅಲ್ಲಿ ಪ್ರಾಡಕ್ಟ್ ನೋಡ್ಕೊಳ್ಳೋರಿಗೆ ಒಂದು ಮೇಲ್ ಬರೆದೆ. ಬೋರ್ಡಿನ ಮೇಲಿದ್ದ ಲೆಕ್ಕವನ್ನೇ ಹಾಕಿದೆ, ಅಕ್ಕ ತೋರಿಸಿದ ಸೆಕ್ಷನ್ನೂ, ಹೊಸ ಸಂಹಿತೆಯ ಹೆಸರೂ. ಆ ಕೋಡ್ ಬರೆದದ್ದು ನಾನೇ ಅಂತಲೂ ಸೇರಿಸಿದೆ. ಕಳಿಸೋ ಬಟನ್ ಒತ್ತೋಕೆ ಅದನ್ನು ಬರೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡೀತು. ಮೂರು ವಾರ ಆಯ್ತು, ಉತ್ತರ ಬಂದಿಲ್ಲ.

ಸಂಜೆ ಕಾಮಸಮುದ್ರ ಸ್ಟೇಷನ್ನಿನಲ್ಲಿ ರೈಲಿಗೆ ಕಾಯ್ತಾ ಇದ್ದಾಗ ಅಕ್ಕನ ಮೂಲಕ ಒಂದು ಫೋಟೋ ಬಂತು. ಕಿಟಕಿ ಪಕ್ಕದ ಆ ಹುಡುಗ ಕಳಿಸಿದ್ದು, ಅವನ ಅಣ್ಣನ ಸಂಬಳದ ಚೀಟಿ. ಹೆಸರು ಮಡಚಿದ್ದ, ಓಟಿ ಸಾಲಿನ ಕೆಳಗೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದಿದ್ದ. 22 ಗಂಟೆ, ಒಂದೇ ಪಟ್ಟು. ಕೆಳಗೆ ಒಂದು ಸಾಲು: “ಮೇಡಂ, ಇದನ್ನ ಅಣ್ಣ ಯಾರಿಗೆ ಬರೆದು ಕೇಳಬೇಕು, ಏಜೆನ್ಸಿಗಾ ಕಂಪನಿಗಾ? ಸಾರ್‌ನ ಕೇಳಿ ಹೇಳಿ.”

ಇಬ್ಬರಿಗೂ ಬರೀಲಿ ಅಂತ ಟೈಪ್ ಮಾಡ್ತಾ ಇದ್ದೆ, ರೈಲು ಬಂತು.